ಬ್ಯಾಡಗಿ ಮೆಣಸಿನಕಾಯಿಗೂ ಕರಾವಳಿ ಹಡಗು ಕಾಯ್ದೆಗೂ ಏನು ಸಂಬಂಧ?

ಓದುಗರ ಪ್ರಶ್ನೆ: ನಾನು ಬ್ಯಾಡಗಿಯವನು. ಅಪ್ಪನ ಕಾಲದಿಂದ ಅಡತಿ ಅಂಗಡಿ ಇದೆ. ನಾಲ್ಕು ವರ್ಷದಿಂದ ಸ್ವಂತವಾಗಿ ಒಣ ಮೆಣಸಿನಕಾಯಿ ರಫ್ತು ಮಾಡುತ್ತಿದ್ದೇನೆ. ವರ್ಷಕ್ಕೆ ಹದಿನೈದು ಇಪ್ಪತ್ತು ಕಂಟೇನರ್. ಹೆಚ್ಚಿನದು ದುಬೈ ಮತ್ತು ಮಲೇಷ್ಯಾಕ್ಕೆ, ಎಲ್ಲಾ ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರಿನಿಂದ. ಸಾಗಾಟದ ಖರ್ಚೇ ಲಾಭ ತಿಂದು ಹಾಕುತ್ತಿದೆ. ಹುಬ್ಬಳ್ಳಿಯ ಒಬ್ಬ ಸಲಹೆಗಾರರು ಹೇಳುತ್ತಾರೆ, ನಮ್ಮ ಕರಾವಳಿಯಲ್ಲಿ ವಿದೇಶಿ ಹಡಗು ಸರಕು ಸಾಗಿಸಬಾರದು ಅಂತ ಕಾಯ್ದೆ ಇರೋದರಿಂದಲೇ ಬಾಡಿಗೆ ದುಬಾರಿಯಂತೆ. ಈಗ ಹೊಸ ಕಾಯ್ದೆ ಬಂದಿದೆ, ಎಲ್ಲಾ ಮುಕ್ತವಾಗುತ್ತದೆ, ಬಾಡಿಗೆ ಅರ್ಧಕ್ಕೆ ಇಳಿಯುತ್ತದೆ, ಕಾರವಾರ ದೊಡ್ಡ ಬಂದರಾಗುತ್ತದೆ ಅನ್ನುತ್ತಾರೆ. ಕಲಘಟಗಿ ಹತ್ತಿರ ಕಾರವಾರ ರಸ್ತೆಗೆ ಹೊಂದಿ ಗೋದಾಮು ಕಟ್ಟುತ್ತಿದ್ದೇವೆ, ಪಾಲು ಹಾಕಿ ಅಂತ ಒತ್ತಾಯ. ನನ್ನ ಸೋದರಳಿಯ ಮರ್ಚಂಟ್ ನೇವಿಯಲ್ಲಿ ಕೆಡೆಟ್. ಅವನು, ‘ವಿದೇಶಿ ಹಡಗು ಬಿಟ್ಟರೆ ನಮ್ಮ ಹೊಟ್ಟೆ ಮೇಲೆ ಹೊಡೆದ ಹಾಗೆ’ ಅನ್ನುತ್ತಾನೆ. ಅಮೆರಿಕದ ಇಂಥದ್ದೇ ಕಾಯ್ದೆಯಿಂದ ಪೋರ್ಟೊ ರಿಕೊ ಅನ್ನೋ ದ್ವೀಪ ಬಡವಾಯಿತು ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಯಾರ ಮಾತು ನಂಬಲಿ? ದುಡ್ಡು ಹಾಕಲಾ, ಬೇಡವಾ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆ ಗಂಟು ಬಿದ್ದಿವೆ. ಈ ಕಾಯ್ದೆ ನಿಮ್ಮ ಮಾಲಿಗೆ ತಟ್ಟುತ್ತದೆಯೇ? ಒಟ್ಟಾರೆ ದೇಶಕ್ಕೆ ಇದು ಒಳ್ಳೆಯದೇ, ಕೆಟ್ಟದ್ದೇ? ಕಲಘಟಗಿ ಗೋದಾಮಿಗೆ ದುಡ್ಡು ಹಾಕಬೇಕೇ? ನಿಮ್ಮ ಸಲಹೆಗಾರರು ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದ್ದಾರೆ. ಆ ದಾರ ಬಿಚ್ಚಿದರೆ ಅರ್ಧ ಚಿಂತೆ ಕಡಿಮೆಯಾಗುತ್ತದೆ.

ನಾನು ಮೂವತ್ತು ವರ್ಷ ಕ್ಲಿಯರಿಂಗ್ ಫಾರ್ವರ್ಡಿಂಗ್ ಕೆಲಸ, ಅಂದರೆ ರಫ್ತುದಾರರ ಮಾಲಿಗೆ ಕಾಗದಪತ್ರ ಮಾಡಿಸಿ ಹಡಗು ಹತ್ತಿಸುವ ಕೆಲಸ ಮಾಡಿದವನು. ಮುಂಬೈಯಲ್ಲಿ ಒಂದಷ್ಟು ಕಾಲ, ಮಂಗಳೂರಿನಲ್ಲಿ ಒಂದಷ್ಟು ಕಾಲ, ಈಗ ಧಾರವಾಡದಲ್ಲಿ ಮನೆ. ಮುಂಬೈ ಬಂದರಿನ ಹುಡುಗರು ಕಂಟೇನರಿಗೆ ‘ಡಬ್ಬಾ’ ಅನ್ನುತ್ತಾರೆ. ನಿಮ್ಮಲ್ಲಿ ಡಬ್ಬಿ ಅಂದರೆ ಮೆಣಸಿನಕಾಯಿ, ಕಡ್ಡಿ ಅಂದರೂ ಮೆಣಸಿನಕಾಯಿ. ಒಮ್ಮೆ ಫೋನಿನಲ್ಲಿ ‘ಎರಡು ಡಬ್ಬಿ ಕಳಿಸಿ’ ಅಂದಿದ್ದಕ್ಕೆ ಬ್ಯಾಡಗಿಯವರು ಎರಡು ಚೀಲ ಸ್ಯಾಂಪಲ್ ಕಳಿಸಿದ್ದರು. ಅದಕ್ಕೇ ಇಲ್ಲಿ ಕಂಟೇನರ್ ಅಂತಲೇ ಬರೆಯುತ್ತೇನೆ.

ಮೊದಲು ಕಾಯ್ದೆ ವಿಷಯ. ಒಂದು ದೇಶದ ಒಂದು ಬಂದರಿನಿಂದ ಅದೇ ದೇಶದ ಇನ್ನೊಂದು ಬಂದರಿಗೆ ಸರಕು ಸಾಗಿಸೋದಕ್ಕೆ ಹಡಗಿನವರ ಭಾಷೆಯಲ್ಲಿ ಕ್ಯಾಬೊಟಾಜ್ ಅನ್ನುತ್ತಾರೆ. ಬಹಳ ದೇಶಗಳು ಇದನ್ನು ತಮ್ಮ ಧ್ವಜದ, ಅಂದರೆ ತಮ್ಮಲ್ಲಿ ನೋಂದಾಯಿಸಿದ ಹಡಗುಗಳಿಗೆ ಮೀಸಲಿಡುತ್ತವೆ. ವಿಮಾನದಲ್ಲೂ ಇದೇ ಕಥೆ. ದುಬೈ ಕಂಪನಿಯ ವಿಮಾನ ಬೆಂಗಳೂರಿನಿಂದ ದುಬೈಗೆ ನಿಮ್ಮನ್ನು ಕರೆದೊಯ್ಯಬಹುದು. ಬೆಂಗಳೂರಿನಿಂದ ಮುಂಬೈಗೆ ಟಿಕೆಟ್ ಮಾರುವ ಹಾಗಿಲ್ಲ. ಹಡಗಿನಲ್ಲೂ ಅಷ್ಟೇ. ಮಂಗಳೂರಿನಿಂದ ಕೊಚ್ಚಿಗೆ, ಚೆನ್ನೈಯಿಂದ ಕೋಲ್ಕತ್ತಕ್ಕೆ ಸಾಗಿಸಿದರೆ ಅದು ಕ್ಯಾಬೊಟಾಜ್. ನ್ಹಾವಾ ಶೇವಾದಿಂದ ದುಬೈಗೆ ಹೋದರೆ ಅಲ್ಲ. ಅದು ವಿದೇಶ ಪ್ರಯಾಣ, ಯಾವ ದೇಶದ ಹಡಗು ಬೇಕಾದರೂ ಒಯ್ಯಬಹುದು. ಇಷ್ಟು ವರ್ಷವೂ ಒಯ್ದಿದ್ದು ಹಾಗೇ. ನಿಮ್ಮ ಬಿಲ್ ಆಫ್ ಲೇಡಿಂಗ್ (ಹಡಗಿನವರು ಮಾಲಿಗೆ ಕೊಡುವ ರಸೀದಿ) ತೆಗೆದು ಹಡಗಿನ ಹೆಸರು ಹುಡುಕಿ ನೋಡಿ. ಪನಾಮಾ, ಲೈಬೀರಿಯಾ, ಸಿಂಗಪುರದ ಧ್ವಜದ ಹಡಗೇ ಸಿಕ್ಕೀತು.

ಹಾಗಾಗಿ ‘ಈ ಕಾಯ್ದೆಯಿಂದಲೇ ನಿಮ್ಮ ಬಾಡಿಗೆ ದುಬಾರಿ’ ಅನ್ನೋ ಮಾತು ನಿಮ್ಮ ದುಬೈ ಮಾಲಿನ ಮಟ್ಟಿಗೆ ಸುಳ್ಳು. ಇಲ್ಲದ ಬೇಲಿ ಕಿತ್ತು ಹಾಕಿದರೆ ದಾರಿ ಹತ್ತಿರ ಆಗೋದಿಲ್ಲ.

ಇನ್ನು ನಮ್ಮ ಕಾಯ್ದೆ ‘ಪೂರ್ತಿ ನಿಷೇಧ’ವೂ ಅಲ್ಲ. 1958ರ ವಾಣಿಜ್ಯ ಹಡಗು ಕಾಯ್ದೆಯ 407ನೇ ಕಲಂ ಹೇಳಿದ್ದು ಇಷ್ಟು: ಕರಾವಳಿ ವ್ಯಾಪಾರ ಮಾಡಬೇಕಾದರೆ ವಿದೇಶಿ ಹಡಗು ಶಿಪ್ಪಿಂಗ್ ಮಹಾನಿರ್ದೇಶಕರಿಂದ ಲೈಸೆನ್ಸ್ ಪಡೆಯಬೇಕು. ಪದ್ಧತಿ ಹೇಗೆಂದರೆ, ವಿದೇಶಿ ಹಡಗಿಗೆ ದರ ಕುದುರಿದ ಮೇಲೆ, ‘ಇದೇ ದರಕ್ಕೆ ನೀವು ಬರುತ್ತೀರಾ’ ಅಂತ ಭಾರತೀಯ ಹಡಗಿನವರನ್ನು ಮೊದಲು ಕೇಳಬೇಕು. ಅವರು ಒಲ್ಲೆ ಅಂದರೆ ವಿದೇಶಿಯವರಿಗೆ ಅವಕಾಶ. ನಮ್ಮ ಹಳ್ಳಿಯಲ್ಲಿ ಹೊಲ ಮಾರುವಾಗ ಮೊದಲು ಅಣ್ಣತಮ್ಮಂದಿರನ್ನು ಕೇಳುತ್ತಾರಲ್ಲ, ಹಾಗೆ. 2018ರಲ್ಲಿ ಸರ್ಕಾರ ಇನ್ನಷ್ಟು ಸಡಿಲ ಮಾಡಿತು. ರಫ್ತು ಆಮದಿನ ಕಂಟೇನರನ್ನು ಒಂದು ಭಾರತೀಯ ಬಂದರಿನಿಂದ ಇನ್ನೊಂದಕ್ಕೆ ಮುಟ್ಟಿಸಲು, ಖಾಲಿ ಕಂಟೇನರ್ ಸಾಗಿಸಲು ವಿದೇಶಿ ಹಡಗಿಗೆ ಲೈಸೆನ್ಸ್ ಬೇಡ ಅಂದಿತು. ಕೃಷಿ ಉತ್ಪನ್ನ, ಮೀನು, ಗೊಬ್ಬರಕ್ಕೂ ಷರತ್ತಿನ ಮೇಲೆ ಸಡಿಲಿಕೆ ಸಿಕ್ಕಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಕರಾವಳಿ ಹಡಗು ಸಾಗಾಟಕ್ಕೆ ಬೇರೆಯೇ ಕಾಯ್ದೆ ಪಾಸು ಮಾಡಿತು. ನಿಮ್ಮ ಸಲಹೆಗಾರರು ಹೇಳುವ ‘ಹೊಸ ಕಾಯ್ದೆ’ ಇದೇ. ಇದರಲ್ಲಿ ಭಾರತೀಯ ಹಡಗಿಗೆ ಕರಾವಳಿ ವ್ಯಾಪಾರದ ಲೈಸೆನ್ಸ್ ರಗಳೆ ತೆಗೆದಿದ್ದಾರೆ. ವಿದೇಶಿ ಹಡಗಿಗೆ ಲೈಸೆನ್ಸ್ ಬೇಕು ಅನ್ನೋ ಮೂಲ ಮಾತು ಹಾಗೇ ಇದೆ. ಅಂದರೆ ‘ಎಲ್ಲಾ ಮುಕ್ತ’ ಅನ್ನೋದು ಕಾಯ್ದೆಯ ಹೆಸರು ಮಾತ್ರ ಓದಿದವರ ಮಾತು.

ಹಾಗಾದರೆ ಈ ಕಾಯ್ದೆ ಯಾರಿಗೂ ನೋವು ಕೊಟ್ಟಿಲ್ಲವೇ? ಕೊಟ್ಟಿದೆ. ಎಲ್ಲಿ ಅಂತ ಹೇಳುತ್ತೇನೆ. ಇದನ್ನು ನಾನು ಮಂಗಳೂರಿನಲ್ಲಿ ದಿನಾ ಕಣ್ಣಾರೆ ನೋಡಿದ್ದು.

ಪಣಂಬೂರಿನ ಬಂದರಿಗೆ ಸಾವಿರಾರು ಕಂಟೇನರ್ ಹೊರುವ ದೊಡ್ಡ ಮದರ್ ವೆಸೆಲ್‌ಗಳು ಬರೋದಿಲ್ಲ. ಸಣ್ಣ ಫೀಡರ್ ಹಡಗು ಕಂಟೇನರನ್ನು ಒಯ್ದು ಒಂದು ದೊಡ್ಡ ಬಂದರಿಗೆ ಮುಟ್ಟಿಸಬೇಕು, ಅಲ್ಲಿಂದ ದೊಡ್ಡ ಹಡಗು. ಹತ್ತಿರದ ಕೊಚ್ಚಿಗೆ ಒಯ್ದರೆ ಅದು ದೇಶದೊಳಗಿನ ಪ್ರಯಾಣ, ವಿದೇಶಿ ಫೀಡರಿಗೆ ಆಗ ಲೈಸೆನ್ಸ್ ಬೇಕಿತ್ತು. ಕೊಚ್ಚಿಯನ್ನೂ ದಾಟಿ ಕನ್ಯಾಕುಮಾರಿ ಸುತ್ತಿ ಕೊಲಂಬೊಗೆ ಒಯ್ದರೆ ಅದು ವಿದೇಶ ಪ್ರಯಾಣ, ಯಾವ ಅಡ್ಡಿಯೂ ಇಲ್ಲ! ಹಾಗಾಗಿ ನಮ್ಮ ಗೋಡಂಬಿ, ಕಾಫಿ, ಮೆಣಸು ಎಲ್ಲಾ ವರ್ಷಾನುಗಟ್ಟಲೆ ಕೊಲಂಬೊದಲ್ಲಿ ಹಡಗು ಬದಲಿಸಿದವು. ಕೊಚ್ಚಿಯ ವಲ್ಲಾರ್‌ಪಾಡಂ ಟರ್ಮಿನಲ್ ಕಟ್ಟಿದ್ದೇ ಈ ಹಡಗು ಬದಲಿಸುವ ವ್ಯಾಪಾರ ನಮ್ಮಲ್ಲಿ ಉಳಿಯಲಿ ಅಂತ. ಕೊನೆಗೆ 2012ರಲ್ಲಿ ಅದೊಂದಕ್ಕೆ ಮಾತ್ರ ವಿನಾಯಿತಿ ಕೊಡಬೇಕಾಯಿತು. ಈಗ ತಿರುವನಂತಪುರದ ಹತ್ತಿರ ವಿಳಿಂಜಂ ಬಂದರು ಶುರುವಾಗಿದೆ. 2025ರ ಮೇ ತಿಂಗಳಲ್ಲಿ ಅಧಿಕೃತವಾಗಿ ಉದ್ಘಾಟನೆ ಆಯಿತು. ದೊಡ್ಡ ಹಡಗು ನೇರವಾಗಿ ಅಲ್ಲಿಗೆ ಬರುತ್ತದೆ. 2018ರ ಸಡಿಲಿಕೆ ಇಲ್ಲದಿದ್ದರೆ ಆ ಬಂದರಿಗೆ ಮಂಗಳೂರಿನ ಕಂಟೇನರ್ ತಲುಪಿಸೋದೇ ಕಷ್ಟವಾಗುತ್ತಿತ್ತು. ನನ್ನ ಮಟ್ಟಿಗೆ ಈ ಒಂದು ಸಡಿಲಿಕೆ ಸರಿಯಾದ ಹೆಜ್ಜೆ. ತಡವಾಯಿತು ಅನ್ನೋದೇ ದೂರು.

ಇನ್ನು ಭಾರತೀಯ ಹಡಗು ದುಬಾರಿ ಯಾಕೆ? ನಮ್ಮವರು ಸೋಮಾರಿಗಳು ಅಂತ ಅಲ್ಲ. ವಿದೇಶಕ್ಕೆ ಹೋಗುವ ಹಡಗಿಗೆ ಸುಂಕ ಇಲ್ಲದ ಇಂಧನ ಸಿಗುತ್ತದೆ. ಕರಾವಳಿಯಲ್ಲಿ ಓಡುವ ಹಡಗು ತೆರಿಗೆ ಕಟ್ಟಿ ಇಂಧನ ತುಂಬಿಸಿಕೊಳ್ಳಬೇಕು. ಹಡಗು ಕೊಳ್ಳಲು ನಮ್ಮಲ್ಲಿ ಸಾಲದ ಬಡ್ಡಿ ಜಾಸ್ತಿ, ಅವಧಿ ಕಡಿಮೆ. ಪನಾಮಾ ಧ್ವಜ ಹಾಕಿಕೊಂಡವನಿಗೆ ಈ ಯಾವ ತಲೆನೋವೂ ಇಲ್ಲ. ಒಂದು ಕೈಯಲ್ಲಿ ಕೊಡೆ ಹಿಡಿದು ಇನ್ನೊಂದು ಕೈಯಲ್ಲಿ ಕೊಡ ನೀರು ಸುರಿದ ಹಾಗೆ ನಮ್ಮ ನೀತಿ ಬಹಳ ವರ್ಷ ನಡೆಯಿತು. ಮೀಸಲು ಕೊಟ್ಟಿದ್ದು ನಿಜ, ಆದರೆ ಆ ಮೀಸಲಿನ ಬೆಲೆಯನ್ನು ತೆರಿಗೆಯಲ್ಲಿ ವಾಪಸ್ ಕಿತ್ತುಕೊಂಡರು. ತೆರಿಗೆ ಸರಿ ಮಾಡದೆ ಬರೀ ಬಾಗಿಲು ತೆರೆದರೆ ನಮ್ಮ ಹಡಗಿನವರು ಮುಳುಗುತ್ತಾರೆ. ಬಾಗಿಲು ತೆರೆಯದೆ ಬರೀ ತೆರಿಗೆ ಇಟ್ಟರೆ ಸರಕಿನವರು ಮುಳುಗುತ್ತಾರೆ.

ಅಮೆರಿಕದ ವಿಷಯಕ್ಕೆ ಬರೋಣ. ನೀವು ವಿಡಿಯೋದಲ್ಲಿ ನೋಡಿದ್ದು ಜೋನ್ಸ್ ಕಾಯ್ದೆ, 1920ರದ್ದು. ವಾಷಿಂಗ್ಟನ್ ರಾಜ್ಯದ ಸೆನೆಟರ್ ವೆಸ್ಲಿ ಜೋನ್ಸ್ ತಂದಿದ್ದು. ಅಲ್ಲಿ ಎರಡು ಬಂದರುಗಳ ನಡುವೆ ಸರಕು ಸಾಗಿಸುವ ಹಡಗು ಅಮೆರಿಕದಲ್ಲೇ ಕಟ್ಟಿರಬೇಕು, ಅಮೆರಿಕದ ಧ್ವಜ ಇರಬೇಕು, ಮಾಲೀಕತ್ವದಲ್ಲೂ ಸಿಬ್ಬಂದಿಯಲ್ಲೂ ನೂರಕ್ಕೆ 75ರಷ್ಟಾದರೂ ಅಮೆರಿಕದವರೇ ಇರಬೇಕು. ನಮ್ಮದಕ್ಕೂ ಅದಕ್ಕೂ ದೊಡ್ಡ ವ್ಯತ್ಯಾಸ ‘ಅಲ್ಲೇ ಕಟ್ಟಿರಬೇಕು’ ಅನ್ನೋ ಷರತ್ತು. ಭಾರತದಲ್ಲಿ ಕಟ್ಟಿದ ಹಡಗಿಗೆ ನಾವು ಮೊದಲ ಆದ್ಯತೆ ಕೊಡುತ್ತೇವೆ, ಅಷ್ಟೇ. ಕೊರಿಯಾದಲ್ಲೋ ಚೀನಾದಲ್ಲೋ ಕಟ್ಟಿದ ಹಡಗನ್ನು ಕೊಂಡು ನಮ್ಮ ಧ್ವಜ ಹಾಕಿದರೂ ನಡೆಯುತ್ತದೆ. ಅಮೆರಿಕದಲ್ಲಿ ಅದು ನಡೆಯಲ್ಲ. ಅಲ್ಲಿ ಕಟ್ಟಿದ ದೊಡ್ಡ ಹಡಗಿನ ಬೆಲೆ ಏಷ್ಯಾದ ಬೆಲೆಯ ನಾಲ್ಕೈದು ಪಟ್ಟು. ಅದಕ್ಕೇ ಆ ಕಾಯ್ದೆಗೆ ಒಪ್ಪುವ, ಸಾಗರ ದಾಟುವ ಹಡಗು ಅಷ್ಟು ದೊಡ್ಡ ದೇಶದಲ್ಲಿ ನೂರೂ ಇಲ್ಲ.

ಇದರ ಬಿಸಿ ಹೇಗಿರುತ್ತದೆ ಅನ್ನೋದಕ್ಕೆ ನನಗೆ ಯಾವಾಗಲೂ ನೆನಪಾಗೋದು ಉಪ್ಪಿನ ಕಥೆ. 2014ರ ಫೆಬ್ರುವರಿ. ನ್ಯೂಜೆರ್ಸಿಯಲ್ಲಿ ಹಿಮ ಸುರಿದೂ ಸುರಿದೂ ರಸ್ತೆಗೆ ಹಾಕುವ ಉಪ್ಪು ಖಾಲಿಯಾಗುತ್ತಾ ಬಂತು. ಉಪ್ಪು ಹಾಕದಿದ್ದರೆ ಗಾಡಿ ಜಾರುತ್ತವೆ. ಉತ್ತರಕ್ಕೆ ಮೇನ್ ರಾಜ್ಯದ ಬಂದರೊಂದರಲ್ಲಿ ಸುಮಾರು 40 ಸಾವಿರ ಟನ್ ಉಪ್ಪು ರಾಶಿ ಬಿದ್ದಿತ್ತು. ಅಲ್ಲೇ ಒಂದು ಖಾಲಿ ಹಡಗೂ ಇತ್ತು, ಹೊರಟಿದ್ದೂ ನ್ಯೂಜೆರ್ಸಿ ಕಡೆಗೇ. ಆದರೆ ಅದಕ್ಕಿದ್ದದ್ದು ಮಾರ್ಷಲ್ ದ್ವೀಪದ ಧ್ವಜ. ವಿನಾಯಿತಿ ಕೇಳಿದರು, ಸಿಗಲಿಲ್ಲ. ಆ ಹಡಗು ಉಪ್ಪಿನ ರಾಶಿ ಪಕ್ಕದಿಂದ ಖಾಲಿಯೇ ಹೋಯಿತು. ಆಮೇಲೆ ಒಂದು ಅಮೆರಿಕನ್ ಬಾರ್ಜ್ (ಚಪ್ಪಟೆ ತಳದ ಸರಕು ದೋಣಿ) ಹುಡುಕಿ ಸ್ವಲ್ಪ ಸ್ವಲ್ಪವಾಗಿ ತಂದರು. ಅದಕ್ಕೆ ಒಂದು ಸಲಕ್ಕೆ ಆ ರಾಶಿಯ ಕಾಲು ಭಾಗವೂ ಹಿಡಿಸುತ್ತಿರಲಿಲ್ಲ.

ಪೋರ್ಟೊ ರಿಕೊ ವಿಷಯದಲ್ಲಿ ವಿಡಿಯೋ ಅರ್ಧ ಸತ್ಯ ಹೇಳಿದೆ. ಆ ದ್ವೀಪ ಅಮೆರಿಕದ್ದೇ ಆದ್ದರಿಂದ ಅಮೆರಿಕದ ಮುಖ್ಯ ನೆಲದಿಂದ ಬರುವ ಸರಕೆಲ್ಲ ಈ ದುಬಾರಿ ಹಡಗುಗಳಲ್ಲೇ ಬರಬೇಕು. 2017ರ ಸೆಪ್ಟೆಂಬರ್‌ನಲ್ಲಿ ಮರಿಯಾ ಚಂಡಮಾರುತ ಬಡಿದಾಗ ಕಾಯ್ದೆಯನ್ನು ಹತ್ತು ದಿನ ಅಮಾನತು ಮಾಡಬೇಕಾಯಿತು. ಇದು ನಿಜ. ಆದರೆ ಆ ದ್ವೀಪದ ಬಡತನಕ್ಕೆ ಹಡಗೊಂದೇ ಕಾರಣ ಅನ್ನೋದು ಸರಿಯಲ್ಲ. ಅಲ್ಲಿನ ಕಾರ್ಖಾನೆಗಳಿಗೆ ಇದ್ದ ತೆರಿಗೆ ರಿಯಾಯಿತಿ 2006ಕ್ಕೆ ಮುಗಿದುಹೋಯಿತು. ಸರ್ಕಾರ ಸಾಲದಲ್ಲಿ ಮುಳುಗಿತು, ಜನ ಊರು ಬಿಟ್ಟರು. ಅಮೆರಿಕ ಸರ್ಕಾರದ್ದೇ ಲೆಕ್ಕಪತ್ರ ಪರಿಶೀಲನಾ ಸಂಸ್ಥೆ 2013ರಲ್ಲಿ ಈ ವಿಷಯ ಕೆದಕಿ ನೋಡಿ, ಕಾಯ್ದೆಯ ಪರಿಣಾಮವನ್ನು ಬೇರೆ ಕಾರಣಗಳಿಂದ ಬಿಡಿಸಿ ಅಳೆಯೋದು ಕಷ್ಟ ಅಂತ ಬರೆಯಿತು. ಕಾಯ್ದೆಯ ಪರ ಇರುವವರೂ ಸುಮ್ನೆ ಮಾತಾಡುವವರಲ್ಲ. ಯುದ್ಧ ಬಂದರೆ ನಮ್ಮದೇ ಹಡಗು, ನಮ್ಮದೇ ನಾವಿಕರು, ನಮ್ಮದೇ ಹಡಗುಕಟ್ಟೆ ಬೇಕಲ್ವಾ ಅನ್ನೋದು ಅವರ ವಾದ. ಅದನ್ನು ನಾನು ತಳ್ಳಿಹಾಕೋದಿಲ್ಲ. ಆದರೆ ನೂರು ವರ್ಷ ಮೀಸಲು ಕೊಟ್ಟ ಮೇಲೂ ಹಡಗುಕಟ್ಟೆಗಳು ಸೊರಗುತ್ತಲೇ ಹೋದವು. ಮೀಸಲು ಒಂದರಿಂದಲೇ ಹಡಗು ಹುಟ್ಟೋದಿಲ್ಲ ಅನ್ನೋದಕ್ಕೆ ಅಷ್ಟು ಸಾಕು.

ಇಂಡೋನೇಷ್ಯಾ 2005ರಲ್ಲಿ ಇಂಥದ್ದೇ ಮೀಸಲು ತಂದಿತು, ಆದರೆ ಸೆಕೆಂಡ್ ಹ್ಯಾಂಡ್ ವಿದೇಶಿ ಹಡಗು ಕೊಂಡು ಧ್ವಜ ಬದಲಿಸಲು ಬಿಟ್ಟಿತು. ಕೆಲವೇ ವರ್ಷದಲ್ಲಿ ಅವರ ಹಡಗುಗಳ ಸಂಖ್ಯೆ ಎರಡು ಪಟ್ಟಾಯಿತು. ನ್ಯೂಜಿಲೆಂಡ್ 1994ರಲ್ಲಿ ಉಲ್ಟಾ ಮಾಡಿತು, ಹಾದುಹೋಗುವ ವಿದೇಶಿ ಹಡಗಿಗೆ ಕರಾವಳಿ ಸರಕು ಒಯ್ಯಲು ಬಿಟ್ಟಿತು. ಅವರ ಸ್ವಂತ ಕರಾವಳಿ ಹಡಗುಗಳು ಕಡಿಮೆಯಾದವು. ಎರಡೂ ದೇಶ ಬದುಕಿವೆ.

ಈಗ ನಿಮ್ಮ ಸೋದರಳಿಯ. ಅವನ ಮಾತಿಗೆ ನಗಬೇಡಿ, ಆದರೆ ಪೂರ್ತಿ ಒಪ್ಪಲೂ ಬೇಡಿ. ಭಾರತದ ನಾವಿಕರಲ್ಲಿ ಹೆಚ್ಚಿನವರು ದುಡಿಯೋದೇ ವಿದೇಶಿ ಧ್ವಜದ ಹಡಗಿನಲ್ಲಿ. ಕರಾವಳಿ ಮೀಸಲು ನಾಳೆ ಹೋದರೂ ಅವರ ಸಂಬಳ ನಿಲ್ಲೋದಿಲ್ಲ. ಅವನಿಗೆ ನಿಜವಾಗಿ ಚುಚ್ಚುವ ಜಾಗ ಬೇರೆ. ಕೆಡೆಟ್ ಆಗಿ ಓದು ಮುಗಿಸಿದವನಿಗೆ ಹಡಗಿನಲ್ಲಿ ತರಬೇತಿಯ ಜಾಗ ಸಿಗಬೇಕು, ಆ ಸಮುದ್ರ ಸೇವೆ ಇಲ್ಲದೆ ಪರೀಕ್ಷೆಗೆ ಕೂರೋಕಾಗಲ್ಲ. ಭಾರತೀಯ ಹಡಗು ಕಡಿಮೆಯಾದಷ್ಟೂ ಆ ಜಾಗ ಕಡಿಮೆ. ಹುಬ್ಬಳ್ಳಿಯಲ್ಲೇ ಎಷ್ಟೋ ಹುಡುಗರು ಕೋರ್ಸ್ ಮುಗಿಸಿ ಎರಡು ವರ್ಷ ಏಜೆಂಟರ ಬಾಗಿಲು ಕಾದಿದ್ದನ್ನು ನಾನು ನೋಡಿದ್ದೇನೆ. 1980ರ ದಶಕದ ಕೊನೆಯಲ್ಲಿ ನಮ್ಮ ವಿದೇಶ ವ್ಯಾಪಾರದ ಸರಕಿನಲ್ಲಿ ನೂರಕ್ಕೆ 40ರಷ್ಟು ಭಾರತೀಯ ಹಡಗಿನಲ್ಲಿ ಹೋಗುತ್ತಿತ್ತು. ಈಗ 10ಕ್ಕೂ ಕಡಿಮೆ. ಆ ವ್ಯಾಪಾರಕ್ಕೆ ಯಾವತ್ತೂ ಕ್ಯಾಬೊಟಾಜ್ ರಕ್ಷಣೆ ಇರಲಿಲ್ಲ ಅನ್ನೋದನ್ನು ಅವನಿಗೆ ನೆನಪಿಸಿ. ಸಮಾನ ಸ್ಪರ್ಧೆಗೆ ಅವಕಾಶ ಇಲ್ಲದ ಕಡೆ ನಮ್ಮ ಹಡಗಿನ ಗತಿ ಏನಾಯಿತು ಅನ್ನೋದಕ್ಕೆ ಅದು ಅವನ ಪರವಾದ ಸಾಕ್ಷಿ. ತೆರಿಗೆಯ ಮಾತನ್ನು ನಾನು ಮೇಲೆ ಒತ್ತಿ ಹೇಳಿದ್ದು ಅದಕ್ಕೇ.

ಕರಾವಳಿ ಸಾಗಾಟ ಅಗ್ಗವಾದರೆ ನಮ್ಮ ಕಡೆ ಯಾರಿಗೆ ಲಾಭ? ಭಾರದ ಸರಕಿನವರಿಗೆ. ಸಿಮೆಂಟ್, ಕಲ್ಲಿದ್ದಲು, ಗೊಬ್ಬರ, ಮೋರ್ಬಿಯ ಟೈಲ್ಸ್. ಗುಜರಾತಿನ ಬಂದರಿನಿಂದ ಟೈಲ್ಸ್ ಕಂಟೇನರ್ ಹಡಗಿನಲ್ಲೇ ಮಂಗಳೂರು, ಕೊಚ್ಚಿಗೆ ಬರುತ್ತವೆ. ಗೊಬ್ಬರದ ಮಾತು ಬಂದಾಗ ಹಾವೇರಿಯವರಿಗೆ 2008ರ ಜೂನ್ ನೆನಪಾಗದೆ ಇರೋದಿಲ್ಲ. ಗೊಬ್ಬರಕ್ಕೆ ಸಾಲು ನಿಂತ ರೈತರ ಮೇಲೆ ಗೋಲಿಬಾರ್ ಆಗಿ ಇಬ್ಬರ ಜೀವ ಹೋಯಿತು. ಅದಕ್ಕೆ ಹಡಗು ಕಾರಣ ಅಂತ ಹೇಳುತ್ತಿಲ್ಲ. ಬಿತ್ತನೆಯ ಹತ್ತು ದಿನದೊಳಗೆ ಬರಬೇಕಾದ ಮಾಲು ಬಂದರಿನಿಂದ ರೈಲ್ವೆ ರೇಕ್‌ಗೆ, ರೇಕ್‌ನಿಂದ ಲಾರಿಗೆ, ಲಾರಿಯಿಂದ ಸೊಸೈಟಿಗೆ ಬರುವಾಗ ಎಲ್ಲಿ ಸಿಕ್ಕಿಬಿದ್ದರೂ ಇಲ್ಲಿ ಹೊತ್ತಿಕೊಳ್ಳುತ್ತದೆ. ಅಂಥ ಸರಕಿಗೆ ಒಂದು ಹೆಚ್ಚುವರಿ ದಾರಿ ತೆರೆದಿರೋದು ಒಳ್ಳೆಯದೇ.

ನಿಮ್ಮ ಮೆಣಸಿನಕಾಯಿ ಹಾಗಲ್ಲ. ಹಗುರ ಮಾಲು. ಕಂಟೇನರ್ ಬಾಗಿಲು ಹಾಕಲು ಜಾಗ ಇಲ್ಲದಷ್ಟು ಚೀಲ ತುಂಬಿದರೂ ತೂಕ ಮಿತಿ ಮುಟ್ಟೋದಿಲ್ಲ. ಅದರ ಮೇಲೆ ಬ್ಯಾಡಗಿಗೆ ಬೆಲೆ ಬರೋದೇ ಬಣ್ಣಕ್ಕೆ. ಖಾರಕ್ಕೆ ಬೇರೆ ಕಾಯಿ ಇದೆ. ಬಣ್ಣ ಕಾಯುತ್ತಾ ಕೂತಷ್ಟೂ ಇಳಿಯುತ್ತದೆ. ಆದ್ದರಿಂದ ನಿಮಗೆ ಅಗ್ಗದ ಹಡಗಿಗಿಂತ ಬೇಗ ಹೊರಡುವ ಹಡಗು ಮುಖ್ಯ.

ಇದನ್ನು ನಾನು ಕಲಿತಿದ್ದು ಪೆಟ್ಟು ತಿಂದು. ಬಹಳ ವರ್ಷದ ಹಿಂದೆ, ಹಾವೇರಿ ಜಿಲ್ಲೆಯ ಒಬ್ಬ ವ್ಯಾಪಾರಿಗೆ ದರ ಉಳಿಸಿಕೊಡುವ ಹುಮ್ಮಸ್ಸಿನಲ್ಲಿ ಮಂಗಳೂರಿನಿಂದ ಒಂದು ಅಗ್ಗದ ಫೀಡರ್ ಹಿಡಿದೆ. ಜೂನ್ ಮೊದಲ ವಾರ. ಹಡಗು ಬದಲಿಸುವ ಬಂದರಿನಲ್ಲಿ ಮುಂದಿನ ಹಡಗು ತಪ್ಪಿ ಕಂಟೇನರ್ ಹತ್ತೊಂಬತ್ತು ದಿನ ಬಯಲಲ್ಲಿ ನಿಂತಿತು. ಕೊಂಡವರು ಮಾಲು ಮುಟ್ಟಲ್ಲ ಅಂದರು, ವಾಪಸ್ ಬಂತು. ಬಾಗಿಲು ತೆಗೆದಾಗ ಮೊದಲು ಬಂದಿದ್ದು ವಾಸನೆ, ಮಳೆಗಾಲದಲ್ಲಿ ಒದ್ದೆ ಗೋಣಿಚೀಲ ಕೊಡುವಂಥದ್ದು. ತಲೆ ಎತ್ತಿ ನೋಡಿದರೆ ತಗಡಿನ ಒಳಮೈ ತುಂಬಾ ನೀರಿನ ಹನಿ ಸಾಲು. ಕಂಟೇನರ್ ಎಲ್ಲೂ ಸೋರಿರಲಿಲ್ಲ, ಆ ನೀರು ಮೆಣಸಿನಕಾಯಿಯದ್ದೇ. ಹಗಲು ತಗಡು ಕಾದಾಗ ಕಾಯಿಯೊಳಗಿನ ತೇವ ಹೊರಗೆ ಬರುತ್ತದೆ, ರಾತ್ರಿ ತಗಡು ತಣ್ಣಗಾದಾಗ ಅದೇ ತೇವ ಹನಿಯಾಗಿ ಮೇಲಿನ ಚೀಲದ ಮೇಲೆ ತೊಟ್ಟಿಕ್ಕುತ್ತದೆ. ಮೇಲಿನ ಎರಡು ಸಾಲು ಚೀಲಗಳಲ್ಲಿ ಕೆಂಪು ಹೋಗಿ ಕಂದು ಬಂದಿತ್ತು. ಒಂದು ಕಾಯಿ ಮುರಿದರೆ ಬೀಜದ ಸುತ್ತ ಬೂದಿಯಂಥ ಬೂಷ್ಟು. ಕಂಟೇನರ್ ಬೆವರೋದು ಅನ್ನುತ್ತಾರೆ ಇದಕ್ಕೆ. ಬಾಡಿಗೆಯಲ್ಲಿ ಉಳಿಸಿದ್ದು ಆ ಎರಡು ಸಾಲಿನ ಬೆಲೆಗೂ ಸಾಲಲಿಲ್ಲ. ತಪ್ಪು ನನ್ನದೇ ಇತ್ತು. ಆ ವ್ಯಾಪಾರಿ ಬೈಯಲಿಲ್ಲ, ಆದರೆ ಮತ್ತೆ ನನಗೆ ಕೆಲಸವನ್ನೂ ಕೊಡಲಿಲ್ಲ.

ಹಾಗಾದರೆ ನಿಮ್ಮ ದುಡ್ಡು ಎಲ್ಲಿ ಸೋರುತ್ತಿದೆ? ಕಳೆದ ಆರು ಕಂಟೇನರಿನ ಬಿಲ್ ಹರಡಿ ಕೂತು ಬೇರೆ ಬೇರೆ ಬರೆದುಕೊಳ್ಳಿ. ಸಮುದ್ರದ ಬಾಡಿಗೆ ಎಷ್ಟು, ಮೋಟೆಬೆನ್ನೂರು ದಾಟಿ ಆರುನೂರಕ್ಕೂ ಹೆಚ್ಚು ಕಿಲೋಮೀಟರ್ ಲಾರಿ ಬಾಡಿಗೆ ಎಷ್ಟು, ಬಂದರಿನ ಖರ್ಚು ಎಷ್ಟು, ಕಟ್ ಆಫ್ (ಹಡಗಿಗೆ ಮಾಲು ಮುಟ್ಟಿಸುವ ಕೊನೆ ಗಡುವು) ತಪ್ಪಿದ್ದಕ್ಕೆ ಕಟ್ಟಿದ ಡಿಟೆನ್ಷನ್ (ಕಂಟೇನರ್ ಹೆಚ್ಚು ದಿನ ಇಟ್ಟುಕೊಂಡಿದ್ದರ ದಂಡ) ಎಷ್ಟು ಅಂತ. ನನ್ನ ಅನುಭವದಲ್ಲಿ ನಮ್ಮ ಕಡೆಯ ಸಣ್ಣ ರಫ್ತುದಾರರಿಗೆ ನೋವು ಕೊಡೋದು ಖಾಲಿ ಕಂಟೇನರ್. ಆಮದು ಮಾಲು ಇಳಿಯೋದು ಮುಂಬೈ, ಚೆನ್ನೈ ಸುತ್ತ, ಅಲ್ಲೇ ಖಾಲಿಯಾಗುತ್ತದೆ. ಬ್ಯಾಡಗಿಗೆ ಆಮದು ಕಂಟೇನರ್ ಯಾಕೆ ಬರುತ್ತದೆ ಹೇಳಿ? ಹಾಗಾಗಿ ಖಾಲಿ ಕಂಟೇನರನ್ನು ಬಂದರಿನಿಂದ ಇಲ್ಲಿಗೆ ತರಿಸಿ ತುಂಬಿ ಕಳಿಸಿದರೆ ಹೋಗಿಬರುವ ಎರಡೂ ಬಾಡಿಗೆ ನಿಮ್ಮ ತಲೆಗೇ. ಇಲ್ಲದಿದ್ದರೆ ಲಾರಿಯಲ್ಲಿ ಚೀಲ ಕಳಿಸಿ ಅಲ್ಲಿ ತುಂಬಿಸಬೇಕು, ಆಗ ಹಮಾಲಿ ಎರಡು ಸಲ, ಪುಡಿಯಾಗೋ ಕಾಯಿ ಜಾಸ್ತಿ. ಈ ಯಾವ ಖರ್ಚಿಗೂ ಕರಾವಳಿ ಕಾಯ್ದೆ ಕಾರಣ ಅಲ್ಲ. 2018ರ ಸಡಿಲಿಕೆಯಿಂದ ಖಾಲಿ ಕಂಟೇನರ್ ಮಂಗಳೂರಿಗೆ ತರೋದು ಹಡಗಿನವರಿಗೆ ಸುಲಭ ಆಗಿದೆ, ನಿಮಗೆ ಸಿಗಬಹುದಾದ ಲಾಭ ಇದ್ದರೆ ಅಲ್ಲಿ.

ದುಬೈ ಮಾಲು ನ್ಹಾವಾ ಶೇವಾದಿಂದಲೇ ಹೋಗಲಿ. ನೇರ ಹಡಗು, ಮೇಲಿಂದ ಮೇಲೆ ಹಡಗು. ಮಲೇಷ್ಯಾಕ್ಕೆ ಮಾತ್ರ ಚೆನ್ನೈ ದರ ಒಮ್ಮೆ ಕೇಳಿ. ಲಾರಿ ದಾರಿ ಸ್ವಲ್ಪ ಜಾಸ್ತಿ ಆಗುತ್ತದೆ, ಆದರೆ ಹಡಗು ಇಡೀ ಪರ್ಯಾಯ ದ್ವೀಪ ಸುತ್ತೋದು ತಪ್ಪುತ್ತದೆ. ಮಂಗಳೂರನ್ನು ಫೆಬ್ರುವರಿಯಿಂದ ಏಪ್ರಿಲ್ ನಡುವೆ ಒಂದೆರಡು ಕಂಟೇನರಿಗೆ ಪರೀಕ್ಷೆ ಮಾಡಿ ನೋಡಬಹುದು. ಮಳೆಗಾಲದಲ್ಲಿ ಬೇಡ. ಹಡಗು ಬದಲಿಸುವ ಬಂದರಿನಲ್ಲಿ ಎಷ್ಟು ದಿನ ನಿಲ್ಲುತ್ತದೆ ಅಂತ ಫಾರ್ವರ್ಡರ್ ಹತ್ತಿರ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಬಾಯಿಮಾತಿನ ‘ಮೂರ್ನಾಲ್ಕು ದಿನ ಸರ್’ ನಂಬಬೇಡಿ. ಯಾವ ಬಂದರಾದರೂ ತುಂಬುವ ದಿನ ಕಾಯಿಯ ತೇವ ಅಳೆಯಿರಿ, ನೂರಕ್ಕೆ ಹತ್ತು ಹನ್ನೊಂದರ ಒಳಗಿರಲಿ. ತಗಡಿಗೆ ಒಳಗಿನಿಂದ ಕ್ರಾಫ್ಟ್ ಪೇಪರ್ ಹೊದಿಸಿ, ತೇವ ಹೀರುವ ಚೀಲ ನೇತುಹಾಕಿಸಿ.

ಕೊನೆಗೆ ಗೋದಾಮು. ಕಾರವಾರದ ಬೈತಖೋಲ ಬಂದರು ಚೆಂದದ ನೈಸರ್ಗಿಕ ಬಂದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ನಡೆಯೋದು ಬಿಟುಮೆನ್‌ನಂಥ ದ್ರವ ಮತ್ತು ರಾಶಿ ಸರಕು. ನಿಮ್ಮ ಕಂಟೇನರ್ ಎತ್ತುವ ಖಾಯಂ ಹಡಗು ಸೇವೆ ಇಲ್ಲ. ವಿಸ್ತರಣೆ ಕೆಲಸ 2020ರ ಜನವರಿಯಲ್ಲಿ ಶುರುವಾದಾಗ ಮೀನುಗಾರರು ಬೀದಿಗಿಳಿದರು, ಕೋರ್ಟಿಗೆ ಹೋಯಿತು. ಅವರ ಸಿಟ್ಟಿನಲ್ಲೂ ನ್ಯಾಯ ಇದೆ. ದಡ ಹೋದರೆ ದೋಣಿ ಎಲ್ಲಿ ಎಳೆಯಬೇಕು? ಅಂಕೋಲಾ ಪಕ್ಕದ ಕೇಣಿ ಬಂದರಿಗೂ ಇದೇ ವಿರೋಧ. ಹುಬ್ಬಳ್ಳಿ–ಅಂಕೋಲಾ ರೈಲು 1990ರ ದಶಕದ ಕೊನೆಯಲ್ಲಿ ಮಂಜೂರಾಯಿತು, ಸುಮಾರು 165 ಕಿಲೋಮೀಟರ್, ನಡುವೆ ಪಶ್ಚಿಮ ಘಟ್ಟದ ಕಾಡು. ಆಗ ಹುಟ್ಟಿದ ಮಕ್ಕಳಿಗೆ ಈಗ ಮದುವೆಯಾಗಿದೆ, ರೈಲು ಬಂದಿಲ್ಲ. ಉಳಿದಿದ್ದು ಅರಬೈಲು ಘಟ್ಟದ ರಸ್ತೆ. ಮಳೆಗಾಲದಲ್ಲಿ ಅದರ ಗತಿ ನಿಮಗೇ ಗೊತ್ತು. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದಾಗ ಕರಾವಳಿ ಹೆದ್ದಾರಿಯೇ ದಿನಗಟ್ಟಲೆ ಬಂದ್ ಆಯಿತು. ಕಾಯ್ದೆ ಬದಲಾದ ಮಾತ್ರಕ್ಕೆ ಹಡಗು ಬರೋದಿಲ್ಲ, ಸರಕು ರಾಶಿ ಬಿದ್ದರೆ ಬರುತ್ತದೆ. ಸರಕು ರಾಶಿ ಬೀಳಬೇಕಾದರೆ ಘಟ್ಟ ಇಳಿಯುವ ಖಾತ್ರಿ ದಾರಿ ಬೇಕು.

ಅದಕ್ಕೇ ನನ್ನ ಮಾತು: ‘ಕಾಯ್ದೆ ಬಂತು, ಬಂದರು ಬರುತ್ತದೆ’ ಅನ್ನೋ ಒಂದೇ ಆಧಾರದ ಮೇಲೆ ದುಡ್ಡು ಹಾಕಬೇಡಿ. ಅದೇ ದುಡ್ಡಿನಲ್ಲಿ ಬ್ಯಾಡಗಿಯಲ್ಲೇ ತೇವ ಬಾರದ ಪ್ಯಾಕಿಂಗ್ ಶೆಡ್ ಮಾಡಿದರೆ, ಅಥವಾ ಕೋಲ್ಡ್ ಸ್ಟೋರೇಜಿನಲ್ಲಿ ಜಾಗ ಹಿಡಿದರೆ ಈ ವರ್ಷವೇ ಫಲ ಕಾಣುತ್ತದೆ. ಅಲ್ಲಿಯೂ ಅಪಾಯ ಇಲ್ಲದಿಲ್ಲ. ಕೋಲ್ಡ್ ಸ್ಟೋರೇಜ್ ತುಂಬಿದ ವರ್ಷವೇ ದರ ಬಿದ್ದರೆ ಬಾಡಿಗೆ ಮೈಮೇಲೆ ಬರುತ್ತದೆ, ಅದು ಅಡತಿ ಮನೆಯವರಿಗೆ ನಾನು ಹೇಳಿಕೊಡಬೇಕಾದ್ದಲ್ಲ. ಸಂಬಂಧ ಕೆಡಬಾರದು, ಗೋದಾಮಿನಲ್ಲಿ ಸ್ವಲ್ಪವಾದರೂ ಪಾಲು ಬೇಕೇ ಬೇಕು ಅನ್ನಿಸಿದರೆ ಮೊದಲು ಒಂದು ಪ್ರಶ್ನೆ ಕೇಳಿ. ಕಾರವಾರ ಬಂದರು ಇನ್ನು ಹತ್ತು ವರ್ಷ ಹೀಗೇ ಇದ್ದರೂ ಈ ಗೋದಾಮು ಯಾರ ಮಾಲಿನಿಂದ ತುಂಬುತ್ತದೆ? ಕಲಘಟಗಿಯ ಗೋವಿನಜೋಳ, ಹತ್ತಿ, ಗೊಬ್ಬರದ ಬಾಡಿಗೆದಾರರ ಹೆಸರು ಕಾಗದದ ಮೇಲೆ ತೋರಿಸಿದರೆ ಲೆಕ್ಕ ಹಾಕಿ. ಜಮೀನು ಬಿನ್‌ಶೇತ್ಕಿ (ಕೃಷಿಯೇತರ) ಆಗಿದೆಯೇ ಅಂತ ತಹಶೀಲ್ದಾರ್ ಕಚೇರಿಯಲ್ಲಿ ನೀವೇ ನೋಡಿ, ಪಾಲುದಾರಿಕೆ ಪತ್ರದಲ್ಲಿ ಮೂರು ವರ್ಷಕ್ಕೆ ಹೊರಬರುವ ಷರತ್ತು ಬರೆಸಿ. ಇದಕ್ಕೆ ಅವರು ‘ಅಷ್ಟೆಲ್ಲಾ ಯಾಕ್ರಿ, ನಂಬಿಕೆ ಇಲ್ಲೇನು’ ಅಂದರೆ ಚಹಾ ಕುಡಿದು ಎದ್ದು ಬನ್ನಿ.